ಕಸ್ತೂರಿ ನಾಯಕರ ತೋಟದ ಪೀಠ

ಕೆಂಗಲ್ಲುಪುರದ ಕಸ್ತೂರಿ ನಾಯಕರಿಗೆ ತೋಟದ ಹುಚ್ಚು ಹಿಡಿದು ಆರು ವರ್ಷವಾಗಿತ್ತು. ಅರಮನೆಯ ಹಿಂದೆ ಕೊಳ ತೋಡಿಸಿದ್ದರು. ಸುತ್ತ ಸಂಪಿಗೆ, ಸುರಗಿ, ಪಾರಿಜಾತ ಹಾಕಿಸಿ, ಎಲ್ಲಿಂದಲೋ ಎರಡು ನವಿಲು ತರಿಸಿ ಬಿಟ್ಟಿದ್ದರು. "ಇಂಥ ತೋಟ ದೇವೇಂದ್ರನಿಗೂ ಇಲ್ಲ" ಎಂದು ಬಂದವರ ಮುಂದೆಲ್ಲ ಕೊಚ್ಚಿಕೊಳ್ಳುತ್ತಿದ್ದರು. ದೇವೇಂದ್ರನ ತೋಟ ನೋಡಿ ಬಂದವರು ಆಸ್ಥಾನದಲ್ಲಿ ಯಾರೂ ಇರಲಿಲ್ಲವಾದ್ದರಿಂದ ಎಲ್ಲರೂ ಹೌದು ಹೌದು ಎಂದರು.

ಉಳಿದದ್ದು ಒಂದೇ ಕೆಲಸ. ಆ ತೋಟಕ್ಕೆ ಒಪ್ಪುವಂಥ, ಕೂತು ನೋಡುವುದಕ್ಕೆ ಒಂದು ಪೀಠ ಬೇಕಿತ್ತು.

ಬಡಗಿ ಮೌನೇಶಾಚಾರಿ ಬೀಟೆ ಮರದ ತಗ್ಗು ಪೀಠ ಮಾಡಿ ತಂದ. ನಾಯಕರು ಕೂತರು, ಮುಖ ಸಿಂಡರಿಸಿದರು. ತೋಟವೇ ಕಾಣುವುದಿಲ್ಲವಂತೆ. ಪೀಠ ತಗ್ಗಾಯಿತು ಎಂದರು ಪ್ರಧಾನಿ ಚೆನ್ನವೀರಯ್ಯನವರು. ಸರಿ, ಮೂರು ಮೆಟ್ಟಿಲು ಹತ್ತಿ ಕೂರುವಂಥ ಎತ್ತರದ ಪೀಠ ಬಂತು. ಅದರಲ್ಲೂ ಕಾಣಲಿಲ್ಲ. ಕೊನೆಗೆ ಮರಕ್ಕೆ ಉಯ್ಯಾಲೆ ಕಟ್ಟಿಸಿದರು. ಅದರಲ್ಲಿ ಕೂತು ನಾಯಕರಿಗೆ ತಲೆ ಸುತ್ತು ಬಂತೇ ಹೊರತು ತೋಟ ಕಾಣಲಿಲ್ಲ.

ನಾಯಕರಿಗೆ ಪಿತ್ತ ನೆತ್ತಿಗೇರಿತು. "ಎಂಟು ದಿನದಲ್ಲಿ ತೋಟ ಕಾಣುವ ಪೀಠ ಮಾಡು. ಇಲ್ಲದಿದ್ದರೆ ಹೆಂಡತಿ ಮಕ್ಕಳ ಸಮೇತ ಊರು ಬಿಡು" ಎಂದುಬಿಟ್ಟರು.

ಮೌನೇಶಾಚಾರಿ ಆಸ್ಥಾನದ ವಿದೂಷಕ ಬೊಮ್ಮಯ್ಯನ ಮನೆಗೆ ಹೋಗಿ ಅತ್ತ. ಆಚಾರಿಯ ಮಗಳು ಚೊಚ್ಚಲ ಬಸುರಿ, ಹೆರಿಗೆಗೆಂದು ತವರಿಗೆ ಬಂದಿದ್ದಳು, ಒಂಬತ್ತು ತುಂಬಿತ್ತು. ಅವಳನ್ನು ಗಾಡಿಯಲ್ಲಿ ಹೇರಿಕೊಂಡು ಯಾವ ಊರಿಗೆ ಹೋಗಲಿ, ಯಾರ ಬಾಗಿಲು ತಟ್ಟಲಿ ಎಂದು ಕೇಳಿದ. ಆ ಪೀಠವನ್ನೇ ಒಮ್ಮೆ ನೋಡೋಣ ನಡಿ ಎಂದ ಬೊಮ್ಮಯ್ಯ.

ಮಟಮಟ ಮಧ್ಯಾಹ್ನ, ಅರಮನೆಯೆಲ್ಲ ಉಂಡು ಮಲಗಿದ್ದಾಗ, ಇಬ್ಬರೂ ತೋಟಕ್ಕೆ ಹೋಗಿ ಮೊದಲಿನ ಪೀಠದ ಮೇಲೆ ಕೂತು ನೋಡಿದರು. ಕೊಳ ಕಂಡಿತು, ಸಂಪಿಗೆ ಕಂಡಿತು, ನವಿಲು ಕೂಡ ಕಂಡಿತು. ಬೊಮ್ಮಯ್ಯ ಹಣೆ ಚಚ್ಚಿಕೊಂಡ.

ಕೆಂಗಲ್ಲುಪುರದಲ್ಲಿ ನಾಯಕರಿಗೆ ಯಾರೂ ಬೆನ್ನು ತೋರಿಸುವ ಹಾಗಿರಲಿಲ್ಲ. ಅವರು ಎಲ್ಲಿ ಕೂತರೆ ಅಲ್ಲಿ ಪ್ರಧಾನಿಯಿಂದ ಹಿಡಿದು ಎಲೆ ಅಡಿಕೆಯ ಅಡಪ ಹಿಡಿಯುವವನ ತನಕ ನಲವತ್ತು ಮಂದಿ ಎದುರಿಗೆ ಸಾಲಾಗಿ ಕೈಮುಗಿದು ನಿಲ್ಲಬೇಕು. ತಗ್ಗು ಪೀಠದಲ್ಲಿ ಕೂತಾಗ ನಾಯಕರಿಗೆ ಕಂಡದ್ದು ನಲವತ್ತು ಹೊಟ್ಟೆ. ಎತ್ತರದ ಪೀಠದಲ್ಲಿ ಕೂತಾಗ, ಒಡೆಯರಿಗೆ ನಾವು ಕಾಣದೆ ಹೋದೇವು ಎಂದು ನಲವತ್ತೂ ಮಂದಿ ಕೊಳದ ಏರಿ ಹತ್ತಿ ನಿಂತರು. ಉಯ್ಯಾಲೆ ಮುಂದೆ ಬಂದಾಗ ಹಿಂದೆ ಸರಿದು, ಹಿಂದೆ ಹೋದಾಗ ಮುಂದೆ ಬಂದು, ಪಾಪ, ಅವರಿಗೂ ತಲೆ ಸುತ್ತು ಬಂದಿತ್ತು. ತೊಟ್ಟಿಲಲ್ಲಿದ್ದಾಗಿನಿಂದ ಈ ಸಾಲನ್ನೇ ನೋಡುತ್ತ ಬೆಳೆದ ನಾಯಕರಿಗೆ ಅದು ಅಡ್ಡ ಎಂದೇ ಹೊಳೆದಿರಲಿಲ್ಲ. ಅಷ್ಟೇಕೆ, ದಿನಾ ಆ ಸಾಲಿನಲ್ಲೇ ನಿಲ್ಲುತ್ತಿದ್ದ ಬೊಮ್ಮಯ್ಯನಿಗೂ ಹೊಳೆದದ್ದು ಈಗ.

ಆದರೆ ಹೇಳುವುದು ಹೇಗೆ? ಸೀನು ಬಂತೆಂದು ಆ ಕಡೆ ತಿರುಗಿದ ತಪ್ಪಿಗೆ ಲೆಕ್ಕ ಬರೆಯುವ ಸೇನಬೋವರ ತಲೆ ಬೋಳಿಸಿ ಕತ್ತೆಯ ಮೇಲೆ ಮೆರವಣಿಗೆ ಮಾಡಿಸಿದ್ದು ಹೋದ ವರ್ಷವಷ್ಟೇ. ಬೊಮ್ಮಯ್ಯನಿಗೆ ತನ್ನ ಜುಟ್ಟಿನ ಮೇಲೆ ತುಂಬ ಪ್ರೀತಿ. ಯೋಚಿಸಿ ಯೋಚಿಸಿ, ಆ ಬೀಟೆ ಪೀಠಕ್ಕೇ ಚೆನ್ನಾಗಿ ಎಣ್ಣೆ ತಿಕ್ಕಿ ಇಡು, ಉಳಿದದ್ದು ನನಗಿರಲಿ ಎಂದು ಆಚಾರಿಯನ್ನು ಕಳಿಸಿದ.

ಎಂಟನೆಯ ದಿನ ಬೆಳಿಗ್ಗೆ ನಾಯಕರು ಪರಿವಾರದೊಡನೆ ತೋಟಕ್ಕೆ ಬಂದು ನೋಡುತ್ತಾರೆ, ಮಿರಮಿರ ಮಿಂಚುವ ಪೀಠದ ಮೇಲೆ ಬೊಮ್ಮಯ್ಯ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದಾನೆ. ನಾಯಕರು ದಾಪುಗಾಲು ಹಾಕಿ ಬಂದು ಅವನ ಎದುರಿಗೆ, ಮೂಗಿಗೆ ಮೂಗು ತಾಗುವಷ್ಟು ಹತ್ತಿರ ನಿಂತರು.

"ಏನೋ ಬೊಮ್ಮ, ಕೊಬ್ಬೇ? ನನ್ನ ಪೀಠದ ಮೇಲೆ ನೀನು?"

"ಪೀಠದ ಕಾಲುಗೀಲು ಮುರಿದರೆ ನನ್ನ ಸೊಂಟವೇ ಹೋಗಲಿ ಎಂದು ಪರೀಕ್ಷೆಗೆ ಕೂತೆ, ಬುದ್ಧಿ. ಬೆನ್ನಂತೂ ತೋರಿಸಿಲ್ಲ, ನೋಡಿ, ಮುಖವನ್ನೇ ತೋರಿಸಿದ್ದೇನೆ."

"ತೋಟ ಕಾಣುತ್ತದೋ?"

"ಈಗ ತಾನೇ ಕಾಣುತ್ತಿತ್ತು. ಕೊಳ, ಸಂಪಿಗೆ, ಎರಡೂ ನವಿಲು. ಇದ್ದಕ್ಕಿದ್ದಂತೆ ಎಲ್ಲ ಮಾಯ."

"ಮಾಯವೇ? ಯಾಕೆ?"

"ತಾವು ಅಡ್ಡ ನಿಂತಿರಿ, ಬುದ್ಧಿ."

ಕತ್ತಿಯ ಹಿಡಿಗೆ ಹೋದ ನಾಯಕರ ಕೈ ಅಲ್ಲೇ ನಿಂತಿತು. ಬೊಮ್ಮಯ್ಯ ಇಳಿದು, ಸೊಂಟ ಬಗ್ಗಿಸಿ ಹೇಳಿದ: "ಸೂರ್ಯನಂಥ ತಾವೊಬ್ಬರು ಅಡ್ಡ ನಿಂತರೇ ತೋಟ ಕಾಣದು. ಪ್ರಧಾನಿಗಳ ಹೊಟ್ಟೆ ಅಡ್ಡ ನಿಂತರೆ ಕಂಡೀತೇ? ಇದು ಆಚಾರಿ ಮೊದಲ ದಿನ ತಂದ ಪೀಠವೇ."

ನಾಯಕರು ಪೀಠದ ಮೇಲೆ ಕೂತು, ಎದುರಿಗೆ ಸಾಲುಗಟ್ಟಿದ ಹೊಟ್ಟೆಗಳನ್ನು ಜನ್ಮದಲ್ಲಿ ಮೊದಲ ಸಲ ಗಮನವಿಟ್ಟು ನೋಡಿದರು. ಹಿಂದೆ ಹೋಗಿ ನಿಲ್ಲಿ ಎಂದರು. ಪ್ರಧಾನಿಗಳು, ಹಿಂದೆ ನಿಲ್ಲುವುದಕ್ಕೆ ತಮ್ಮ ತಂದೆ ದೊಡ್ಡ ನಾಯಕರ ಕಾಲದಿಂದ ಅಪ್ಪಣೆಯಿಲ್ಲ, ಯಾರೋ ಹಿಂದಿನಿಂದ ಅವರನ್ನು ಬಾವಿಗೆ ನೂಕಿದ್ದರಲ್ಲ ಎಂದು ನೆನಪಿಸಿದರು.

"ಮುಂದೆ ನಿಂತರೆ ತೋಟ ಕಾಣದು, ಹಿಂದೆ ನಿಂತರೆ ಜೀವಕ್ಕೆ ಭಯ. ಇವರನ್ನೆಲ್ಲ ಎಲ್ಲಿ ನಿಲ್ಲಿಸಲೋ, ಬೊಮ್ಮ?"

"ನಿಲ್ಲಿಸುವುದೇಕೆ, ಬುದ್ಧಿ? ಅವರವರ ಮನೆ ಮುಂದೆ ಜಗಲಿ ಇದೆಯಲ್ಲ, ಹೋಗಿ ಕೂರಲಿ."

ನಾಯಕರು ನವಿಲು ಬೆಚ್ಚಿ ಹಾರುವ ಹಾಗೆ ನಕ್ಕರು. ಬೊಮ್ಮಯ್ಯನೊಬ್ಬನನ್ನು ಬಿಟ್ಟು ಸಾಲಿನವರನ್ನೆಲ್ಲ ಮನೆಗೆ ಅಟ್ಟಿ, ಹೋಗುವಾಗ ಬೆನ್ನು ತೋರಿಸಿಯೇ ಹೋಗಬೇಕೆಂದು ಅಪ್ಪಣೆ ಮಾಡಿದರು. ಆಚಾರಿಯ ಮಗಳಿಗೆ ಬಾಣಂತನ ಮುಗಿಯುವ ತನಕ ಅರಮನೆಯಿಂದ ತುಪ್ಪ ಹೋಯಿತು.

ಬೊಮ್ಮಯ್ಯನಿಗೆ ಏನು ಬೇಕೆಂದು ಕೇಳಿದಾಗ, ಸ್ವಲ್ಪ ಆ ಕಡೆ ಸರಿಯಿರಿ, ನಾನೂ ಕೂರುತ್ತೇನೆ ಎಂದನಂತೆ.