ಚೌಡಕ್ಕನ ಕೋಡೊಲೆಗೆ ತಾಮ್ರಪಟ

ಸ್ವಲ್ಪ ಹತ್ತಿರ ಬನ್ನಿ. ಇದು ಜೋರಾಗಿ ಆಡೋ ಮಾತಲ್ಲ, ಅರಮನೆ ಅಡುಗೆಮನೆಯ ಸುದ್ದಿ. ಯಾರಾದರೂ ಕೇಳಿದರೆ ನನ್ನ ಹೆಸರು ಎತ್ತಬೇಡಿ, ನಿಮ್ಮ ದಮ್ಮಯ್ಯ!

ಕಂಚುಗೆರೆಯ ದೊರೆ ಒಂದು ದಿನ ಮೀಸೆ ತಿರುವಿ ಡಂಗುರ ಸಾರಿಸಿದ: "ನಮ್ಮ ಸೀಮೆಯಲ್ಲಿ ಒಬ್ಬರ ಬುದ್ಧಿಯನ್ನು ಇನ್ನೊಬ್ಬರು ಕದಿಯೋ ಹಾಗಿಲ್ಲ. ಹೊಸದೇನಾದರೂ ಮಾಡಿದವರು ನಮ್ಮ ತಾಮ್ರಪಟ ಪಡೆಯಲಿ. ಆಮೇಲೆ ಅದನ್ನು ಬೇರೆ ಯಾರು ಮಾಡಿದರೂ ತಪ್ಪು."

ಕುಂಬಾರಗೇರಿಯ ಚೌಡಕ್ಕ ಹಿಗ್ಗಿ ಹೀರೇಕಾಯಿಯಾದಳು. ಗಂಡ ಸತ್ತ ಮೇಲೆ ಒಲೆ ಮಾರಿಯೇ ಅವಳ ಬದುಕು. ಆಗತಾನೆ ಒಂದು ಕೋಡೊಲೆ ಕಂಡುಹಿಡಿದಿದ್ದಳು. ಉರಿ ಒಂದೇ, ಮುಂದೆ ಅನ್ನ ಬೇಯುತ್ತೆ, ಪಕ್ಕದ ಕೋಡಿನ ಮೇಲೆ ಸಾರು ಕುದಿಯುತ್ತೆ. ಕೈಬಳೆ ಮಾರಿ, ಪ್ರಧಾನಿ ವೀರಣಾರ್ಯನ ಕೈ ಬೆಚ್ಚಗೆ ಮಾಡಿ, ಪಟಕ್ಕೆ ಕೈಯೊಡ್ಡಿದಳು.

ಪ್ರಧಾನಿ ಅಂದ, "ಮೊದಲು ಒಳಗೆ ತೂತು ಎಲ್ಲಿ, ಉರಿ ಹೇಗೆ ಹರಿಯುತ್ತೆ, ಎಲ್ಲ ಬಿಡಿಸಿ ಹೇಳು. ಯಾವುದನ್ನು ಮಾಡಬಾರದು ಅಂತ ಜನಕ್ಕೆ ಗೊತ್ತಾಗಬೇಡವೆ?"

ಪಾಪದವಳು, ಹೇಳಿದಳು. ಪಟ ಕೈಗೆ ಬಂತು. ಅವಳು ಹೇಳಿದ್ದನ್ನು ಡಂಗುರದವನು ಕೇರಿ ಕೇರಿಗೂ ಸಾರಿದ.

ಇನ್ನೇನು ಬೇಕು? ಊರ ತುಂಬ ಕೋಡೊಲೆ! ಚೌಡಕ್ಕನ ಅಂಗಳದಲ್ಲಿ ಮಾತ್ರ ಮಾರಾಟವಾಗದ ಒಲೆಗಳೊಳಗೆ ಕೋಳಿಗಳು ಮೊಟ್ಟೆಯಿಡುತ್ತಿದ್ದವು.

ಪಕ್ಕದ ಮನೆ ಸಂಕವ್ವನನ್ನು ಕೇಳಿದರೆ, "ನಿನ್ನದಕ್ಕೆ ಕೋಡು ಬಲಕ್ಕೆ, ನಂದಕ್ಕೆ ಎಡಕ್ಕೆ. ಇದು ಬೇರೇನೇ ಒಲೆ ಕಣೇ!" ಅಂದಳು.

ಪ್ರಧಾನಿಯನ್ನು ಕೇಳಿದರೆ, "ಕಳ್ಳರನ್ನು ನೀನೇ ಹುಡುಕು, ಸಾಕ್ಷಿ ನೀನೇ ತಾ, ಇನ್ನೊಂದು ಕಾಣಿಕೆ ಇಡು. ಸುಗ್ಗಿ ಕಳೆದ ಮೇಲೆ ನೋಡೋಣ" ಅಂದ.

ಚೌಡಕ್ಕ ಅಳುತ್ತಾ ಆಸ್ಥಾನದ ಹಾಸ್ಯಗಾರ ಸಿಂಗಪ್ಪಯ್ಯನ ಜಗಲಿಗೆ ಬಂದಳು. ಅವನು ಪಟ ಓದಿ ಕಿಸಕ್ಕನೆ ನಕ್ಕ.

"ಅಕ್ಕಾ, ಕದ್ದು ಮಾಡಿದ ಒಲೆಯ ಉರಿಯನ್ನು ಪಟ ಪಡೆದವರೇ ಆರಿಸಬಹುದು ಅಂತ ಇದರಲ್ಲೇ ಬರೆದಿದೆಯಲ್ಲ! ಊರಲ್ಲೆಲ್ಲ ದೊಡ್ಡ ಕೋಡೊಲೆ ಯಾರದು?"

"ಇನ್ಯಾರದು ಬುದ್ಧೀ, ಅರಮನೇದು. ಪ್ರಧಾನಿ ತನ್ನ ಭಾವಮೈದುನನ ಕೈಲೇ ಕಟ್ಟಿಸಿದಾನೆ."

"ಹಾಗಾದರೆ ಅಳು ನಿಲ್ಲಿಸು. ಒಂದು ಬಿಂದಿಗೆ ನೀರು ತಗೊಂಡು ಬಾ."

ಮಧ್ಯಾಹ್ನ ದೊರೆ ಎಲೆ ಮುಂದೆ ಕೂತ. ಉಪ್ಪು ಬಂತು, ಉಪ್ಪಿನಕಾಯಿ ಬಂತು, ಅನ್ನ ಬರಲೇ ಇಲ್ಲ. ಒಳಗಿಂದ ಚುಂಯ್ ಅಂತ ಸದ್ದು, ಮೋಡದಂಥ ಹೊಗೆ, ಅಡುಗೆಯವರ ಬೊಬ್ಬೆ. ಕೆಮ್ಮುತ್ತಾ ಹೊರಗೆ ಬಂದವರು ಸಿಂಗಪ್ಪಯ್ಯ, ಹಿಂದೆ ಬಿಂದಿಗೆ ಹಿಡಿದ ಚೌಡಕ್ಕ.

"ಯಾರೋ ನನ್ನ ಒಲೆ ಆರಿಸಿದ್ದು?" ದೊರೆ ಗುಡುಗಿದ.

"ತಮ್ಮ ಪಟವೇ ಮಹಾಸ್ವಾಮಿ! ಅದು ಕದ್ದ ಒಲೆ" ಅಂದ ಸಿಂಗಪ್ಪಯ್ಯ.

ದೊರೆ ಪ್ರಧಾನಿಯನ್ನು ನೋಡಿದ. ಪ್ರಧಾನಿ ಉಪ್ಪಿನಕಾಯಿಯನ್ನು ನೋಡಿದ.

"ಹಾಗಾದರೆ ನನ್ನ ಪಟದಿಂದ ಉಪಯೋಗವೇ ಇಲ್ಲವೇನೋ?"

"ಉಂಟು ಮಹಾಸ್ವಾಮಿ. ಕಳ್ಳನಿಗೆ ದಾರಿ ತೋರಿಸುತ್ತೆ, ಪ್ರಧಾನಿಗಳಿಗೆ ಕಾಣಿಕೆ ತರುತ್ತೆ."

"ಇದನ್ನು ಬಾಯಲ್ಲಿ ಹೇಳಬಾರದಿತ್ತೆ? ನೀರೇ ಸುರಿಯಬೇಕಿತ್ತೆ?"

"ಬಡವಿಯ ದೂರು ತಮ್ಮ ಕಿವಿಗೆ ಮುಟ್ಟೋಕೆ ವರ್ಷಗಟ್ಟಲೆ ಬೇಕು ಮಹಾಸ್ವಾಮಿ. ಹೊಟ್ಟೆಗೆ ಮುಟ್ಟೋಕೆ ಒಂದು ಬಿಂದಿಗೆ ಸಾಕು."

ಹಸಿದ ಹೊಟ್ಟೆಯಲ್ಲೂ ದೊರೆ ಬಿದ್ದು ಬಿದ್ದು ನಕ್ಕ. ಅರಮನೆ ಒಲೆಗೆ ಹತ್ತರಷ್ಟು ಬೆಲೆಯನ್ನು ಪ್ರಧಾನಿಯ ಗಂಟಿನಿಂದಲೇ ಚೌಡಕ್ಕನಿಗೆ ಕೊಡಿಸಿದ.

ಚೌಡಕ್ಕ ಸೆರಗಲ್ಲಿ ಹಣ ಕಟ್ಟಿ, ಎದೆಯುಬ್ಬಿಸಿ, ನೆಟ್ಟಗೆ ಸಂಕವ್ವನ ಹೊಸ್ತಿಲಿಗೆ ಬಂದಳು. "ದೊರೆಯೇ ಕೊಟ್ಟರು ಕಣೇ. ಈಗ ನೀನು ಕೊಡು."

ಸಂಕವ್ವ ಸೌಟು ಕೆಳಗಿಡಲಿಲ್ಲ. ಮುಖಕ್ಕೆ ಮುಖ ಕೊಟ್ಟು ಅಂದಳು: "ದೊರೆಗೆ ಮಾನ ಇತ್ತು, ಹೋಗುತ್ತೆ ಅಂತ ಕೊಟ್ಟರು. ನನಗೆಲ್ಲಿದೆಯೇ? ಪಕ್ಕಕ್ಕೆ ಸರಿ, ಕೋಡಿನ ಮೇಲೆ ಸಾರು ಉಕ್ಕುತ್ತಿದೆ."