ಹನ್ನೆರಡನೇ ನಂಬರಿನ ಮಿರ್ಚಿ ಬಜಿ

ಸ್ವಲ್ಪ ಹತ್ತಿರ ಬನ್ನಿ. ಬಾಗಿಲು ಮುಂದೆ ಮಾಡಿ. ಈ ಮಾತು ಇಲ್ಲಿಂದ ಆಚೆ ಹೋಗಕೂಡದು, ನಿಮ್ಮ ಅವ್ವನಿಗೂ ಹೇಳಕೂಡದು. ಹೇಳುವುದಿಲ್ಲ ತಾನೆ? ಹಾಗಾದರೆ ಕೇಳಿ.

ಒಂದು ಓಣಿಯಲ್ಲಿ ಹತ್ತೊಂಬತ್ತು ಮನೆ. ಅಲ್ಲಿಯ ಹೆಂಗಸರಿಗೆಲ್ಲ ಒಂದೇ ಕಾಯಿಲೆ: ರಕ್ತ ಕಡಿಮೆ. ನಳದ ಹತ್ತಿರ ಕೊಡ ಎತ್ತಿದರೆ ಕಣ್ಣಿಗೆ ಕತ್ತಲೆ. ಪಾರವ್ವನ ಸೊಸೆ ಇಂದಿರಾ ಅಂತೂ ಎರಡು ಸಲ ತಲೆ ತಿರುಗಿ ಬಿದ್ದಿದ್ದಳು. ಪಾರವ್ವನಿಗೆ ಸೊಸೆಯೆಂದರೆ ಜೀವ. ಬೈಯದೆ ಒಂದು ದಿನ ಬಿಟ್ಟವಳಲ್ಲ, ಅದು ಬೇರೆ ಮಾತು.

ಇದರ ಮೂಲ ಹುಡುಕಲು ಕಾಲೇಜಿನಿಂದ ಶಾಂಭವಿ ಎಂಬ ಹುಡುಗಿ ಬಂದಳು. ದಿನಾ ಏನು ತಿನ್ನುತ್ತೀರಿ, ಸೋಮವಾರದ ಉಪವಾಸದಲ್ಲಿ ಏನು ಬಿಡುತ್ತೀರಿ, ನಿಜ ಹೇಳಿ ಅಂದಳು.

"ಮನಸ್ಸಿಲ್ಲದಿದ್ರ ಹೇಳಬ್ಯಾಡ್ರಿ. ಪುಸ್ತಕದಾಗ ಹೆಸರು ಬರಿಯಂಗಿಲ್ಲ, ಬರೀ ನಂಬರ್. ಯಾವ ನಂಬರ್ ಯಾರದು ಅನ್ನೋ ಪಟ್ಟಿ ನನ್ನ ಖೋಲಿಯೊಳಗ, ಟ್ರಂಕಿನಾಗ, ಬೀಗ ಹಾಕಿ ಇಡ್ತೀನಿ."

ನಂಬಿದರು. ಹೊಟ್ಟೆಯಲ್ಲಿದ್ದದ್ದೆಲ್ಲ ಹೇಳಿದರು.

ಆ ಪುಸ್ತಕದಲ್ಲಿ ಏನಿದೆಯೆಂದು ಪಾರವ್ವನಿಗೆ ತಿಳಿಯಲೇಬೇಕಿತ್ತು. ಗೋಡೆಯಾಚೆಯ ಸಾವಂತ್ರವ್ವ ಸೋಮವಾರ ನೀರೂ ಮುಟ್ಟುವುದಿಲ್ಲವೆಂದು ಓಣಿಗೆ ಓಣಿಯೇ ಅವಳ ಕಾಲಿಗೆ ಬೀಳುತ್ತಿತ್ತು. ಹಾಗಾದರೆ ಸೋಮವಾರ ಸಂಜೆ ಗೋಡೆ ಹಾರಿ ಎಣ್ಣೆಯ ವಾಸನೆ ಯಾಕೆ ಬರಬೇಕು?

ಒಂದು ದಿನ ಪಾರವ್ವ ಶಾಂಭವಿಯನ್ನು ಶೇಂಗಾ ಹೋಳಿಗೆಗೆ ಕರೆದಳು. ಹುಡುಗಿ ಕೈ ತೊಳೆಯಲು ಹಿತ್ತಲಿಗೆ ಹೋದದ್ದೇ ತಡ, ಅವಳ ಚೀಲಕ್ಕೆ ಕೈ ಹಾಕಿ ಪುಸ್ತಕ ಹೊರತೆಗೆದಳು. ಪಾರವ್ವನದು ಶಾಲೆಯಲ್ಲಿ ಎರಡನೇ ಇಯತ್ತೆಯವರೆಗಿನ ಓದು. ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದಳು: "ನಂಬರ್ ಹನ್ನೆರಡು. ಸೋಮವಾರ ಮಿರ್ಚಿ ಬಜಿ, ಎರಡು. ಬಾಗಿಲ ಹಿಂದೆ ನಿಂತು." ನಳದ ಕಡೆಯಿಂದ ಬೆರಳು ಮಡಚುತ್ತ ಮನೆ ಎಣಿಸಿದಳು. ಹನ್ನೆರಡನೇ ಮನೆ ಯಾರದು? ಸಾವಂತ್ರವ್ವನದು!

ಹೋಳಿಗೆ ಆರುವುದರೊಳಗೆ ಸುದ್ದಿ ಓಣಿಯ ತುದಿ ಮುಟ್ಟಿತ್ತು.

ಮರುದಿನ ಶಾಂಭವಿ ಬಂದರೆ ಎಲ್ಲರ ಬಾಯಿಗೂ ಬೀಗ. "ನಾವು ಎಲ್ಲಾ ಉಣ್ತೀವಿ ಬಿಡವಾ, ನಮಗೇನಾಗೈತಿ?" ಇಂದಿರಾ ಕೂಡ ಗೋಡೆ ಹಿಡಿದು ನಿಂತುಕೊಂಡೇ "ನಾ ಆರಾಮ ಅದೀನಿ" ಅಂದಳು. ಅದನ್ನು ಕೇಳಿ ಪಾರವ್ವನ ನಾಲಿಗೆ ಮೊದಲ ಸಲ ಒಣಗಿತು. ಸುಳ್ಳು ಬರೆದುಕೊಂಡು ಹೋದರೆ ಸೊಸೆಗೆ ಔಷಧ ಎಲ್ಲಿಂದ ಬರಬೇಕು?

ಶಾಂಭವಿ ಯಾರ ಮೇಲೂ ಹರಿಹಾಯಲಿಲ್ಲ. "ಪುಸ್ತಕ ಕೈಗೆ ಸಿಗೋ ಹಂಗ ಬಿಟ್ಟದ್ದು ನನ್ನ ತಪ್ಪು" ಅಂದಳು. ಮನೆಮನೆಗೆ ಹೋಗಿ ಕ್ಷಮೆ ಕೇಳಿದಳು. ಬೇಡ ಅಂದವರ ಹಾಳೆಯನ್ನು ಅವರೆದುರೇ ಹರಿಯುತ್ತೇನೆ ಅಂದಳು. ನಂಬರು ಮನೆಯ ಸಾಲಿನವಲ್ಲ, ಮಾತಾಡಲು ಬಂದ ಸರದಿಯವು ಅಂತಲೂ ತಿಳಿಸಿದಳು.

ಸಾವಂತ್ರವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಹಂಗಾದ್ರ ಆ ಹನ್ನೆರಡು ನಾನಲ್ಲ ಅಂತ ನಾಕು ಮಂದಿ ಮುಂದ ಹೇಳಿಬಿಡು. ನನ್ನ ಮರ್ಯಾದಿ ಹೋಗೈತಿ."

"ಆಗೂದಿಲ್ರಿ ಅವ್ವಾರ. ಇವತ್ತು ನಿಮಗ ಹೇಳಿದ್ರ ನಾಳೆ ಉಳಿದವ್ರೂ ಹಂಗ ಕೇಳ್ತಾರ. ಕಡೀಕ ಒಬ್ಬಾಕಿ ಉಳೀತಾಳ. ಆಕಿ ಎಲ್ಲಿ ಮುಖ ಇಟ್ಕೊಬೇಕ್ರಿ?"

ಸಾವಂತ್ರವ್ವ ಸೆರಗು ಬಿಡಿಸಿಕೊಂಡು ಮನೆಗೆ ನಡೆದಳು. ಮುಂದಿನ ಸೋಮವಾರ ಏನು ಮಾಡಿದಳು ಗೊತ್ತೇ? ಹಾಡುಹಗಲಲ್ಲಿ, ನಳಕ್ಕೆ ನೀರು ಬರುವ ಹೊತ್ತಿಗೆ, ಮನೆ ಮುಂದಿನ ಕಟ್ಟೆಯ ಮೇಲೆ ಒಲೆ ಹೂಡಿ ಮಿರ್ಚಿ ಬಜಿ ಕರಿಯಲು ಕೂತಳು!

"ಹನ್ನೆರಡು ಯಾರರ ಇರ್ಲಿ. ಬಾಗಿಲ ಹಿಂದ ನಿಂತು ತಿನ್ನೂದು ಸಾಕು, ಬರ್ರೇ!" ಅಂದು ಮೊದಲನೆಯದನ್ನು ತಾನೇ ಕಚ್ಚಿದಳು.

ಒಬ್ಬಳು ಕಿಸಕ್ಕನೆ ನಕ್ಕಳು. ಇನ್ನೊಬ್ಬಳು ಕೊಡ ಇಳಿಸಿದಳು. ನೋಡನೋಡುತ್ತ ಕಟ್ಟೆ ತುಂಬ ಹೆಂಗಸರು, ಎಲ್ಲರ ಕೈಯಲ್ಲೂ ಬಜಿ. ಈಗ ಹನ್ನೆರಡನ್ನು ಆರಿಸಿ ನೋಡೋಣ! ಅದು ಯಾರೆಂದು ಇವತ್ತಿಗೂ ಹೊರಬಿದ್ದಿಲ್ಲ. ಎಂಥ ಅನ್ಯಾಯ ನೋಡಿ.

ಶಾಂಭವಿಗೆ ಮತ್ತೆ ನಿಜ ಸಿಕ್ಕಿತು. ಹದಿನಾಲ್ಕು ಮಂದಿ ಉಪವಾಸದ ದಿನ ಬರೀ ಚಹಾ ಕುಡಿಯುತ್ತಾರೆ, ಉಳಿದ ದಿನ ಎಲ್ಲರೂ ಉಂಡ ಮೇಲೆ ಮಿಕ್ಕಿದ್ದನ್ನು ಉಣ್ಣುತ್ತಾರೆ ಎಂದಷ್ಟೇ ದವಾಖಾನೆಗೆ ಬರೆದುಕೊಟ್ಟಳು. ಒಂದು ಹೆಸರೂ ಇಲ್ಲ. ದವಾಖಾನೆಯವರು ಓಣಿಗೇ ಬಂದು ಗುಳಿಗೆ ಕೊಟ್ಟರು, ಊಟದ ದಾರಿ ಹೇಳಿದರು. ಇಂದಿರಾ ಈಗ ಎರಡೆರಡು ಕೊಡ ಹೊತ್ತು ನಡೆಯುತ್ತಾಳೆ.

ಬಜಿ ಕರಿದ ಆ ಸೋಮವಾರ ಪಾರವ್ವ ಎಲ್ಲಿದ್ದಳು ಅಂತೀರಾ? ಬಾಗಿಲ ಸಂದಿಯಲ್ಲಿ. ಕೊನೆಗೆ ತಡೆಯಲಾರದೆ ತಲೆ ತಗ್ಗಿಸಿ ಕಟ್ಟೆಗೆ ಬಂದಳು. ನಗು ನಿಂತಿತು. ಸಾವಂತ್ರವ್ವ ಬಾಣಲೆಯಿಂದ ಬಿಸಿಬಿಸಿ ಎರಡು ತೆಗೆದು ಕೈಗಿಟ್ಟು, ಮುಖಕ್ಕೆ ಮುಖ ಕೊಟ್ಟು ಅಂದಳು:

"ತಿನ್ನ ಪಾರವ್ವ. ಬಾಯಿ ತುಂಬಿದಾಗರ ನಮ್ಮ ಮನಿ ಮಾತು ಹೊರಗ ಬೀಳಂಗಿಲ್ಲ."

ನೀತಿ: ಜನ ನಂಬಿ ಕೊಟ್ಟ ಮಾಹಿತಿ ಯಾವತ್ತೂ ಅವರದೇ. ಒಪ್ಪಿಗೆ ಪಡೆದು ಬರೆದುಕೊಳ್ಳಿ, ಭದ್ರವಾಗಿ ಕಾಯಿರಿ, ಅವರ ಒಳಿತಿಗೇ ಬಳಸಿ. ಗುಟ್ಟು ಒಡೆಯುವ ಓಣಿಯಲ್ಲಿ ನಿಜ ಯಾರೂ ಹೇಳುವುದಿಲ್ಲ.