ಇಂಬಳ ಹಿಡಿದುಕೊಂಡಿರುವ ಹನಿ

ಜಗತ್ತಿಗೆ ಬಳಿದ ಬಣ್ಣ ಇನ್ನೂ ಒಣಗದಿದ್ದ ಕಾಲವದು. ಬೆಟ್ಟಗಳಿಗೆ ತಮ್ಮ ಎತ್ತರ ಎಷ್ಟೆಂದು ತಿಳಿದಿರಲಿಲ್ಲ. ಯಾವ ಕಡೆಗೆ ಹರಿಯಬೇಕೆಂದು ನದಿಗಳು ಒಂದನ್ನೊಂದು ಕೇಳುತ್ತಿದ್ದವು. ಮನುಷ್ಯರಿದ್ದರು, ಆದರೆ ಅವರಿಗೆ ಹೆಸರುಗಳಿರಲಿಲ್ಲ.

ಆ ಕಾಲದಲ್ಲಿ ಮಳೆಯು ಕಡಲಿನಿಂದ ಎದ್ದುಬಂದು, ಬೆಟ್ಟಗಳ ಮಡಿಲಲ್ಲಿ ತನಗಾಗಿ ಒಂದು ಕಾಡನ್ನು ಬೆಳೆಸಿತು. ಬಿಸಿಲು ನೆಲಕ್ಕೆ ಇಳಿಯಬೇಕಾದರೆ ಎಲೆಗಳ ಅಪ್ಪಣೆ ಬೇಕಾಗುವಷ್ಟು ದಟ್ಟವಾದ ಕಾಡು.

ಕಾಡು ಬೆಳೆದ ಮೇಲೆ ಮಳೆಯು ಪ್ರತಿಯೊಂದು ಜೀವಿಗೂ ಒಂದು ಕೆಲಸ ಹೇಳಿತು. ಮಂಗಟ್ಟೆ ಹಕ್ಕಿಗೆ ಬೀಜ ಬಿತ್ತುವ ಕೆಲಸ. ಸಿಂಗಳೀಕಕ್ಕೆ ಹಣ್ಣು ಉದುರಿಸುವ ಕೆಲಸ. ಗೆದ್ದಲಿಗೆ ಬಿದ್ದ ಮರವನ್ನು ಮಣ್ಣು ಮಾಡುವ ಕೆಲಸ. ಇಂಬಳಕ್ಕೆ ಬಾಗಿಲು ಕಾಯುವ ಕೆಲಸ.

"ಅಜ್ಜಿ, ಇದು ಇನ್ನೂ ಕಚ್ಚಿಕೊಂಡೇ ಇದೆ," ಎಂದಳು ಇಂಚರ.

ರಾಷ್ಟ್ರೀಯ ಉದ್ಯಾನದ ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ಅಜ್ಜಿ ಮೊಮ್ಮಗಳು ಕುಳಿತಿದ್ದರು. ಬೆಳಿಗ್ಗೆ ಕಾಡಿನೊಳಗೆ ಹೋದವರು ಈಗಷ್ಟೇ ಹಿಂದಿರುಗಿದ್ದರು. ಇಂಚರಳ ಪಾದದ ಗಂಟಿನ ಮೇಲೆ ಒಂದು ಇಂಬಳ, ಕಾಡಿನ ಜಿಗಣೆ, ಅಂಟಿಕೊಂಡಿತ್ತು. ಬಂದಾಗ ದಾರದಷ್ಟು ತೆಳ್ಳಗಿದ್ದದ್ದು ಈಗ ಹುಣಸೆಬೀಜದಷ್ಟು ಊದಿಕೊಂಡಿತ್ತು. ಗೇಟಿನ ವಾಚರ್ ಸುಬ್ರಾಯ ಉಪ್ಪಿನ ಪೊಟ್ಟಣ ಬಿಚ್ಚಿಕೊಂಡು ನಿಂತಿದ್ದ.

"ಚಿಟಿಕೆ ಉಪ್ಪು ಹಾಕಿದ್ರೆ ಆಯ್ತು ಅಮ್ಮ, ಈಗಲೇ ಬೀಳ್ತದೆ," ಎಂದ.

"ಬಿದ್ದು ಸಾಯ್ತದಲ್ಲ, ಸುಬ್ರಾಯ?"

"ಸಾಯ್ತದೆ. ಇಂಬಳ ಸತ್ತರೆ ಅಳುವವರು ಯಾರಿದ್ದಾರೆ?"

"ನಾನೂ ಅದನ್ನೇ ಹೇಳ್ತಿರೋದು," ಎಂದರು ಅಜ್ಜಿ. ಆಮೇಲೆ ಮೊಮ್ಮಗಳತ್ತ ತಿರುಗಿದರು. "ನೋಯ್ತಾ ಇದೆಯಾ?"

"ಇಲ್ಲ. ಆದರೆ ಅಸಹ್ಯ."

"ಅಸಹ್ಯಕ್ಕೆ ಉಪ್ಪು ಮದ್ದಲ್ಲ. ಕಥೆ ಪೂರ್ತಿ ಕೇಳು. ಮುಗಿಯುವುದರೊಳಗೆ ನಿನಗೆ ಉಪ್ಪೇ ಬೇಕು ಅನ್ನಿಸಿದರೆ ಹೇಳು, ಹಾಕಿಬಿಡೋಣ. ಕಾಲು ನಿನ್ನದು, ಮಾತೂ ನಿನ್ನದು."

ಇಂಚರ ಕಾಲನ್ನು ಅಲುಗಿಸದೆ ಕುಳಿತಳು. ಅಜ್ಜಿ ಮುಂದುವರಿಸಿದರು.

ಇಂಬಳಕ್ಕೆ ಆಗ ಉದ್ದನೆಯ ಕೈಗಳಿದ್ದವು. ಗಟ್ಟಿಯಾದ ಮೂಳೆಗಳಿದ್ದವು. ಬೆಟ್ಟದಾಚೆಗೂ ಕೇಳುವ ದನಿಯಿತ್ತು. ಅದು ಕಾಡಿನ ಅಂಚಿನಲ್ಲಿ, ಎರಡು ಹೆಬ್ಬಲಸಿನ ಮರಗಳ ನಡುವೆ ನಿಂತಿತು. ಅದೇ ಬಾಗಿಲು.

ಮಳೆಯು ನಿಯಮವನ್ನು ಸ್ಪಷ್ಟವಾಗಿ ಹೇಳಿತು. ಒಳಗೆ ಹೋಗುವವರು ತಮ್ಮದಾದ ಒಂದು ವಸ್ತುವನ್ನು ಇಂಬಳದ ಕೈಗೆ ಕೊಡಬೇಕು. ಹೊರಗೆ ಬರುವಾಗ ಅದನ್ನು ಹಿಂದಕ್ಕೆ ಪಡೆಯಬೇಕು. ಸಂಜೆ ಇಂಬಳದ ಕೈಯಲ್ಲಿ ಏನಾದರೂ ಉಳಿದಿದ್ದರೆ ಯಾರೋ ಕಾಡಿನಲ್ಲಿ ದಾರಿ ತಪ್ಪಿದ್ದಾರೆ ಎಂದರ್ಥ, ಹುಡುಕಬೇಕು. ಕೈ ಬರಿದಾಗಿದ್ದರೆ ಎಲ್ಲರೂ ಕ್ಷೇಮ.

"ನಾನು ಎಷ್ಟು ದಿನ ಕಾಯಬೇಕು?" ಎಂದು ಕೇಳಿತು ಇಂಬಳ.

"ನಿನ್ನ ಕೈಗಳು ಬರಿದಾಗುವ ಮೊದಲ ಸಂಜೆಯವರೆಗೆ," ಎಂದಿತು ಮಳೆ. "ಆಮೇಲೆ ಬಾಗಿಲನ್ನು ಇನ್ನೊಬ್ಬರಿಗೆ ಒಪ್ಪಿಸಿ, ಧೂಪದ ಮರದ ತುದಿಗೆ ಹತ್ತು. ನಾನು ಕಡಲಿನಿಂದ ಬರುವುದು ಅಲ್ಲಿಂದ ಕಾಣುತ್ತದೆ."

ಇಂಬಳಕ್ಕೆ ಬೇಕಾಗಿದ್ದುದು ಅದೊಂದೇ. ಮಳೆ ಬರುವುದನ್ನು ಅದು ಎಂದೂ ನೋಡಿರಲಿಲ್ಲ. ದಟ್ಟ ಕಾಡಿನ ನೆಲಕ್ಕೆ ಮಳೆ ತಡವಾಗಿ ಇಳಿಯುತ್ತದೆ. ಮೊದಲು ತುದಿಯ ಎಲೆಗೆ, ಅಲ್ಲಿಂದ ಕೆಳಗಿನ ಎಲೆಗೆ, ಅಲ್ಲಿಂದ ಬಳ್ಳಿಗೆ, ಬಳ್ಳಿಯಿಂದ ಕಾಂಡದ ಪಾಚಿಗೆ. ಎಲ್ಲರೂ ಕುಡಿದು ಉಳಿದದ್ದು ನೆಲಕ್ಕೆ. ಇಂಬಳ ಕಂಡಿದ್ದ ಮಳೆ ಅಷ್ಟೇ.

ಮೊದಲ ದಿನ ಬೆಳಗಾಯಿತು. ಕಡವೆ ಬಂದು ಕೊಂಬಿನ ಒಂದು ಚೂರು ಕೊಟ್ಟು ಒಳಗೆ ಹೋಯಿತು. ಕಾಡುಕೋಣ ಬಾಲದ ಒಂದು ಕೂದಲು ಕೊಟ್ಟಿತು. ಮುಳ್ಳುಹಂದಿ ಒಂದು ಮುಳ್ಳು ಕೊಟ್ಟಿತು. ಅದರ ಹಿಂದೆಯೇ ಬಯಲಿನ ಕಡೆಯಿಂದ ಒಬ್ಬ ಹೆಂಗಸು ಬಂದಳು.

"ಎಲ್ಲಿಗೆ?" ಎಂದಿತು ಇಂಬಳ.

"ಒಳಗೆ."

"ಹಣ್ಣಿಗೋ, ಜೇನಿಗೋ?"

"ಎರಡಕ್ಕೂ ಅಲ್ಲ. ನೋಡಲಿಕ್ಕೆ."

ಇಂಬಳ ಅಂಥ ಕೆಲಸದ ಬಗ್ಗೆ ಕೇಳಿರಲಿಲ್ಲ. "ನೋಡಿ ಏನು ಮಾಡುತ್ತೀ?"

"ಊರಿಗೆ ಹೋಗಿ ಹೇಳುತ್ತೇನೆ."

"ನೀನು ಹೇಳಿದರೆ ಕಾಡಿಗೇನು?"

"ಕಾಡಿಗೆ ಏನೂ ಇಲ್ಲ. ನನಗೆ ಸಂಜೆ ಕಳೆಯುತ್ತದೆ."

"ಆಗಲಿ. ನಿನ್ನದಾದ ಒಂದು ವಸ್ತು ಕೊಡು."

ಅವಳು ಊರುಗೋಲು ಚಾಚಿದಳು. "ಅದು ಬೆತ್ತ, ಕಾಡಿನದು," ಎಂದಿತು ಇಂಬಳ. ಉಟ್ಟಿದ್ದ ಬಟ್ಟೆಯ ತುದಿಯನ್ನು ತೋರಿಸಿದಳು. "ಅದು ನಾರು, ಮರದ್ದು." ಮುಡಿಯ ಹೂ ತೆಗೆದಳು. "ಅದನ್ನು ಈಗ ದಾರಿಯಲ್ಲಿ ಕಿತ್ತದ್ದನ್ನು ನಾನೇ ನೋಡಿದೆ."

"ಮುಳ್ಳಿದ್ದರೆ ಒಂದು ಕಿತ್ತು ಕೊಡು ತಾಯಿ," ಎಂದಿತು ಇನ್ನೂ ಅಲ್ಲೇ ನಿಂತಿದ್ದ ಮುಳ್ಳುಹಂದಿ. "ಇಲ್ಲದಿದ್ದರೆ ಒಂದೆಳೆ ಕೂದಲಾದರೂ ಸಾಕು."

"ನನ್ನ ತಲೆಯಿಂದ ಒಂದೆಳೆಯನ್ನೂ ಕೀಳಲಾರೆ," ಎಂದಳು ಅವಳು. ಬರುವಾಗ ಅವಳ ಕಾಲಿಗೆ ಮುಳ್ಳು ಗೀರಿತ್ತು. ಅಲ್ಲಿಂದ ರಕ್ತ ಜಿನುಗುತ್ತಿತ್ತು. "ಇದು ಹೇಗೂ ಸೋರುತ್ತಿದೆ. ಇದರದೇ ಒಂದು ಹನಿ ಹಿಡಿದುಕೋ."

"ಒಣಗಿಹೋಗುತ್ತದಲ್ಲ?"

"ಸಂಜೆಯೊಳಗೆ ಬಂದುಬಿಡುತ್ತೇನೆ."

"ಈ ಬಾಗಿಲಿಗೇ ಬರಬೇಕು. ಗಾಯದ ಮೇಲೆಯೇ ಹನಿಯನ್ನು ಇಟ್ಟು ಕಳಿಸುತ್ತೇನೆ."

"ಇನ್ನೆಲ್ಲಿಗೆ ಹೋಗಲಿ?" ಎಂದು ನಕ್ಕು ಅವಳು ಒಳಗೆ ನಡೆದಳು.

ಸಂಜೆಯಾಯಿತು. ಕಡವೆ ಬಂದು ಕೊಂಬಿನ ಚೂರನ್ನು ಕೇಳಿ ಪಡೆಯಿತು. ಕಾಡುಕೋಣ ಕೂದಲನ್ನು ಪಡೆಯಿತು. ಮುಳ್ಳುಹಂದಿ ಮುಳ್ಳನ್ನು ಬೆನ್ನಿಗೆ ಸಿಕ್ಕಿಸಿಕೊಂಡಿತು. ಒಂದೊಂದನ್ನು ಹಿಂದಿರುಗಿಸಿದಾಗಲೂ ಇಂಬಳದ ಕಣ್ಣು ಧೂಪದ ಮರದ ತುದಿಯ ಕಡೆಗೆ ಹೋಗಿಬರುತ್ತಿತ್ತು.

ಕೊನೆಗೆ ಅಂಗೈಯಲ್ಲಿ ಉಳಿದದ್ದು ಒಂದು ಹನಿ.

ಇಂಬಳ ಕೂಗಿತು. ಬೆಟ್ಟ ಅದನ್ನು ಮರುಕೂಗಿತು. ಅವಳು ಬರಲಿಲ್ಲ. ಸದ್ದು ಕೇಳಿ ಮಂಗಟ್ಟೆ ಹಕ್ಕಿ ಹಾರಿಬಂದಿತು.

"ಆ ಹೆಂಗಸೇ? ಅವಳು ದೊಡ್ಡ ಮರವನ್ನು ನೋಡಿದಳು, ನನ್ನನ್ನು ನೋಡಿದಳು, ಮಧ್ಯಾಹ್ನವೇ ಹಳ್ಳದ ಗುಂಟ ಇಳಿದು ಹೋದಳು. ಆ ದಾರಿಯಲ್ಲಿ ಅವಳ ಬಯಲು ಹತ್ತಿರ. ಕಾಡಿಗೆ ಗೋಡೆಯಿಲ್ಲವಲ್ಲ, ಇಂಬಳವೇ."

"ಅವಳದೊಂದು ಹನಿ ನನ್ನ ಬಳಿ ಇದೆ."

"ಅವಳ ಬಳಿ ಬೇಕಾದಷ್ಟಿದೆ," ಎಂದಿತು ಮಂಗಟ್ಟೆ.

ಅವಳು ಕೆಟ್ಟವಳಾಗಿರಲಿಲ್ಲ. ಸುಳ್ಳು ಹೇಳಬೇಕೆಂದು ಹೇಳಿದವಳೂ ಅಲ್ಲ. ಬಿಟ್ಟುಬಂದದ್ದು ಏನೆಂಬುದು ಅವಳ ಮೈಗೆ ತಿಳಿಯಲಿಲ್ಲ, ಅಷ್ಟೇ. ಅನ್ಯಾಯಗಳಲ್ಲಿ ಹೆಚ್ಚಿನವು ಹೀಗೆಯೇ ಆಗುತ್ತವೆ. ಮಾಡಿದವರು ಅಂದು ಸುಖವಾಗಿ ಊಟ ಮಾಡಿ ಮಲಗಿರುತ್ತಾರೆ.

ಗಾಳಿ ಬಂದು ಇಂಬಳದ ಕಿವಿಯ ಬಳಿ ಹೇಳಿತು: "ಒರೆಸಿಬಿಡು. ಒಂದು ಹನಿ ತಾನೇ. ಕೈ ಬರಿದಾದರೆ ನೀನು ಮರ ಹತ್ತಬಹುದು. ನಾಳೆ ಮುಂಜಾನೆ ಕಡಲಿನಿಂದ ಮಳೆ ಹೊರಡುತ್ತದೆ. ನಾನೇ ನೋಡಿ ಬಂದೆ."

"ಒರೆಸಿದರೆ ಅದು ಹಿಂದಿರುಗಿಸಿದಂತಲ್ಲ," ಎಂದಿತು ಇಂಬಳ. "ನಾಳೆ ಅವಳನ್ನು ಯಾವ ಗುರುತು ಹಿಡಿದು ಹುಡುಕಲಿ? ಅವಳಿಗೆ ಹೆಸರು ಕೂಡ ಇಲ್ಲ."

ಅಷ್ಟರಲ್ಲಿ ಹನಿಯ ಅಂಚು ಕಪ್ಪಾಗತೊಡಗಿತ್ತು. ಇಂಬಳ ಬಂಡೆಯಡಿಯ ಒರತೆಯ ಬಳಿಗೆ ಓಡಿತು. "ನೀನು ಬೇಸಿಗೆಯಲ್ಲೂ ಒಣಗುವುದಿಲ್ಲ. ಈ ಹನಿಯನ್ನು ಒಣಗದಂತೆ ಇಡುವುದು ಹೇಗೆ?"

"ನಾನು ಕತ್ತಲಲ್ಲಿರುತ್ತೇನೆ, ತಣ್ಣಗಿರುತ್ತೇನೆ, ಮಾತಾಡುವುದಿಲ್ಲ," ಎಂದಿತು ಒರತೆ. "ಹನಿಯನ್ನು ಬಾಯಲ್ಲಿಟ್ಟುಕೋ."

"ಬಾಯಲ್ಲಿಟ್ಟರೆ ಕೂಗುವುದು ಹೇಗೆ?"

"ಕೂಗುವಂತಿಲ್ಲ. ಬಾಯಿ ತೆರೆದರೆ ಗಾಳಿ ತಾಗುತ್ತದೆ."

"ಅಷ್ಟೇ ಸಾಕೇ?"

"ಸಾಲದು. ನಿನ್ನ ಮೂಳೆಗಳು ತೇವವನ್ನೆಲ್ಲ ಹೀರುತ್ತವೆ. ಅವನ್ನು ಬಿಟ್ಟುಕೊಡಬೇಕು. ಮೂಳೆ ಹೋದರೆ ಕೈ ನಿಲ್ಲುವುದಿಲ್ಲ. ಯೋಚಿಸಿ ಹೇಳು."

ಇಂಬಳ ಯೋಚಿಸಿತು. ಕೈಯಿಲ್ಲದೆ ಮರ ಹತ್ತುವಂತಿಲ್ಲ. ದನಿಯಿಲ್ಲದೆ ಯಾರನ್ನೂ ಕರೆಯುವಂತಿಲ್ಲ. ಅದು ಮರದ ತುದಿಯನ್ನು ಒಮ್ಮೆ ನೋಡಿತು. ನಂತರ ಹನಿಯನ್ನು ಬಾಯಲ್ಲಿಟ್ಟುಕೊಂಡಿತು.

ಮೂಳೆಗಳು ಕರಗಿದವು. ಕೈಗಳು ಮೈಯೊಳಗೆ ಸೇರಿಹೋದವು. ಮೈ ಕುಗ್ಗಿ, ಕುಗ್ಗಿ, ಒಂದು ದಾರದಷ್ಟಾಯಿತು. ಕಣ್ಣಿಗೆ ಬೆಳಕು ನೆರಳುಗಳನ್ನು ಬಿಟ್ಟು ಬೇರೇನೂ ಕಾಣದಾಯಿತು. ಆದರೆ ಹನಿ ಒಣಗಲಿಲ್ಲ.

ಮಳೆಗಾಲ ಕಳೆಯಿತು, ಮತ್ತೊಂದು ಬಂದಿತು. ಬಯಲಿಗೆ ಹೋಗಿಬರುವ ಹಳ್ಳದ ನೀರು ಮೋಡವಾಗಿ, ಮಳೆಯಾಗಿ ಮರಳಿ ಬಂದು ಸುದ್ದಿ ಹೇಳುತ್ತಿತ್ತು. "ಅವಳು ದಿನವೂ ಸಂಜೆ ಜನರನ್ನು ಕೂರಿಸಿಕೊಂಡು ಕಾಡಿನ ಕಥೆ ಹೇಳುತ್ತಾಳೆ. ಹತ್ತು ಜನ ತಬ್ಬಿದರೂ ಸಾಲದ ಮರವನ್ನು ಕಂಡೆ ಎನ್ನುತ್ತಾಳೆ. ಕೊಂಬಿರುವ ಹಕ್ಕಿಯನ್ನು ಕಂಡೆ ಎನ್ನುತ್ತಾಳೆ."

ಇಂಬಳ ತಲೆಯೆತ್ತಿ ಕಾದಿತು.

"ಇಲ್ಲ," ಎಂದಿತು ನೀರು. "ಬಾಗಿಲಿನ ಮಾತು ಬರುವುದಿಲ್ಲ."

"ಒಂದು ಸಲವೂ ಹೇಳಲಿಲ್ಲವಾ ಅಜ್ಜಿ?" ಎಂದು ಕೇಳಿದಳು ಇಂಚರ.

"ಒಂದು ಸಲವೂ ಇಲ್ಲ."

ಸುಬ್ರಾಯ ಉಪ್ಪಿನ ಪೊಟ್ಟಣವನ್ನು ಮಡಚುತ್ತಿದ್ದ. "ಇಲ್ಲಿ ಸಹ ಹಾಗೇ ಅಮ್ಮ," ಎಂದ. "ಹೋಗುವಾಗ ರಿಜಿಸ್ಟರಿನಲ್ಲಿ ಹೆಸರು ಬರೀತಾರೆ. ಬರುವಾಗ ಸೈನ್ ಮಾಡಬೇಕು ಅಂತ ನಾಲ್ಕು ಸಲ ಹೇಳ್ತೇನೆ. ಹೂಂ ಅಂತಾರೆ. ಆಮೇಲೆ ಆಚೆಯ ರಸ್ತೆಗೆ ಇಳಿದು ಬಸ್ಸು ಹತ್ತಿ ಹೋಗ್ತಾರೆ. ಅವರು ಒಳಗಿದ್ದಾರೋ ಮನೆಗೆ ಮುಟ್ಟಿದರೋ, ನನಗೆ ಗೊತ್ತಾಗುವುದು ಹೇಗೆ? ಕೂತಿರ್ತೇನೆ."

"ಎಷ್ಟು ಹೊತ್ತು?" ಎಂದಳು ಇಂಚರ.

"ಹೊತ್ತು ಅಂತ ಏನಿಲ್ಲ ಮಗಾ."

ಇಂಚರ ತನ್ನ ಕಾಲನ್ನು ನೋಡಿಕೊಂಡಳು. ಇಂಬಳ ಈಗ ದ್ರಾಕ್ಷಿಯಷ್ಟಾಗಿತ್ತು.

"ಉಪ್ಪು ಬೇಕಾ?" ಎಂದು ಕೇಳಿದರು ಅಜ್ಜಿ.

"ಬೇಡ. ಆಮೇಲೆ ಏನಾಯ್ತು?"

ಒಂದು ವರ್ಷ ನೀರು ಬಂದು ಹೇಳಿತು: "ಅವಳು ತೀರಿಕೊಂಡಳು. ಮಕ್ಕಳಿದ್ದಾರೆ, ಮೊಮ್ಮಕ್ಕಳಿದ್ದಾರೆ. ಅವಳ ಕಥೆ ಕೇಳಿದವರೆಲ್ಲ ಕಾಡು ನೋಡಲು ಹೊರಟಿದ್ದಾರೆ."

ಇಂಬಳ ಮಾತಾಡಲಾರದು, ಯೋಚಿಸಬಲ್ಲದು. ಅವಳ ರಕ್ತ ಅವಳ ಮಕ್ಕಳ ಮೈಯಲ್ಲಿರಬೇಕು. ಅವರಲ್ಲಿ ಯಾರೊಬ್ಬರು ಸಿಕ್ಕಿದರೂ ಹನಿಯನ್ನು ಹಿಂದಿರುಗಿಸಬಹುದು. ಆದರೆ ಮುಖ ಕಾಣುವುದಿಲ್ಲ, ಹೆಸರು ಕೇಳಲಾಗುವುದಿಲ್ಲ. ರುಚಿಯೊಂದೇ ಗುರುತು. ಹೀಗಾಗಿ ಅದು ದಾರಿಯ ಪಕ್ಕದ ಎಲೆಯ ಮೇಲೆ ನಿಂತು, ಬಂದವರೆಲ್ಲರ ಕಾಲಿನಿಂದ ಸ್ವಲ್ಪ ತೆಗೆದುಕೊಂಡು, ತನ್ನಲ್ಲಿರುವ ಹನಿಗೆ ಹೋಲಿಸಿ ನೋಡುತ್ತದೆ. ಬಾಗಿಲು ಕಾಯುವವರು ಅತಿಥಿಯನ್ನು ನೋಯಿಸಬಾರದು. ಆದುದರಿಂದ ನೋವಾಗದಂತೆ ಕಚ್ಚುತ್ತದೆ. ಒಣಗದಂತೆ ಕಾಪಾಡುವ ಅಭ್ಯಾಸ ಅದರ ಬಾಯಿಗೆ ಬಂದುಬಿಟ್ಟಿದೆ. ಆದುದರಿಂದ ಅದು ಮುಟ್ಟಿದ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ. ಇವರಲ್ಲ ಎಂದು ಖಚಿತವಾದ ಕೂಡಲೇ, ಯಾರೂ ಬಿಡಿಸದಿದ್ದರೂ, ತಾನಾಗಿಯೇ ಬಿಟ್ಟು ಇಳಿಯುತ್ತದೆ.

"ಅಜ್ಜಿ, ನಾನಾಗಿದ್ದರೆ?" ಎಂದಳು ಇಂಚರ. ದನಿ ಸಣ್ಣದಾಗಿತ್ತು. "ಆ ಹೆಂಗಸಿನ ಮೊಮ್ಮಗಳ ಮೊಮ್ಮಗಳು ನಾನೇ ಆಗಿದ್ದರೆ?"

"ಆಗಿರಬಹುದು. ಅದಕ್ಕೇ ಉಪ್ಪು ಹಾಕಬಾರದು ಅಂದದ್ದು."

ಮೂವರೂ ಅವಳ ಕಾಲನ್ನೇ ನೋಡಿದರು. ಇಂಬಳದ ಮೈ ಒಮ್ಮೆ ಬಿಗಿಯಿತು, ಸಡಿಲಿತು. ನಂತರ ಅದು ಕಚ್ಚಿದ್ದನ್ನು ಬಿಟ್ಟು, ಕಲ್ಲಿನ ಮೇಲೆ ಉರುಳಿ, ನಿಧಾನವಾಗಿ ಹುಲ್ಲಿನ ಕಡೆಗೆ ಹೊರಟಿತು.

"ನಾನೂ ಅಲ್ಲ," ಎಂದಳು ಇಂಚರ.

"ನೀನೂ ಅಲ್ಲ."

ಅವಳ ಕಾಲಿನಿಂದ ರಕ್ತ ತೆಳುವಾಗಿ ಇಳಿಯುತ್ತಲೇ ಇತ್ತು. ಅವಳು ಅದನ್ನು ಒರೆಸಲಿಲ್ಲ. ಗೇಟಿನ ಮೇಜಿನ ಬಳಿಗೆ ಹೋಗಿ, ರಿಜಿಸ್ಟರಿನಲ್ಲಿ ಬೆಳಿಗ್ಗೆ ತಾನು ಬರೆದಿದ್ದ ಹೆಸರನ್ನು ಹುಡುಕಿ, ಅದರ ಎದುರಿನ ಖಾಲಿ ಮನೆಯಲ್ಲಿ ದುಂಡಾದ ಅಕ್ಷರಗಳಲ್ಲಿ ಮತ್ತೊಮ್ಮೆ ಬರೆದಳು. ಸುಬ್ರಾಯ ಅದನ್ನು ಓದಿ, ತಲೆಯಾಡಿಸಿ, ಪುಟದ ಮೇಲೆ ಬೆರಳಿಟ್ಟುಕೊಂಡು ಉಳಿದ ಖಾಲಿ ಮನೆಗಳನ್ನು ನೋಡುತ್ತಾ ಕುಳಿತ.

ಮೇಲೆಲ್ಲೋ ಮಳೆ ಶುರುವಾಗಿತ್ತು. ನೆಲಕ್ಕೆ ಅದಿನ್ನೂ ಇಳಿದಿರಲಿಲ್ಲ. ಎಲೆಗಳ ಮೇಲೆ ಸದ್ದು ಮಾತ್ರ ಕೇಳುತ್ತಿತ್ತು.

ಮಳೆಯ ಸದ್ದಾದೊಡನೆ, ಹೆಜ್ಜೆಯ ಸದ್ದಾದೊಡನೆ, ಕಾಡಿನ ದಾರಿಯ ಇಂಬಳಗಳೆಲ್ಲ ಬಾಲದ ಮೇಲೆ ನೆಟ್ಟಗೆ ನಿಂತು, ಅತ್ತಿತ್ತ ತೂಗಿ, ಮುಖವನ್ನು ಮೇಲೆತ್ತುವುದನ್ನು ನೀನು ಇಂದಿಗೂ ನೋಡಬಹುದು: ಹನಿಯ ಒಡತಿ ಬಂದಳೇ ಎಂದು ಒಮ್ಮೆ, ಮಳೆ ಬರುವುದು ಇಲ್ಲಿಂದ ಕಂಡೀತೇ ಎಂದು ಇನ್ನೊಮ್ಮೆ.